ಗೊಟ್‌ಹಾರ್ಡ್: ಸೈತಾನನ ಸೇತುವೆಯಿಂದ ಬೆಟ್ಟದ ಬುಡದವರೆಗೆ

1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗೋಶೆನೆನ್ ಹಳ್ಳಿಯ ಬಳಿ ಒಂದು ಬಂಡೆಯನ್ನು 127 ಮೀಟರ್ ಆಚೆಗೆ ಸರಿಸಿದರು. ಬಂಡೆಯ ತೂಕ ಸುಮಾರು 220 ಟನ್. ಹೊಸ ಹೆದ್ದಾರಿಗೆ ಅದು ಅಡ್ಡವಾಗಿತ್ತು. ಸಿಡಿಮದ್ದಿಟ್ಟು ಪುಡಿ ಮಾಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಜನ ಒಪ್ಪಲಿಲ್ಲ. ಅದು ಸೈತಾನನ ಕಲ್ಲು.

ಕಥೆ ಹೀಗಿದೆ. ಊರಿ ಸೀಮೆಯ ಜನ ರಾಯ್ಸ್ ನದಿಯ ಕಮರಿಗೆ ಸೇತುವೆ ಕಟ್ಟಲು ಹೆಣಗಿ ಸೋತರು. ಸೈತಾನ ಬಂದು, ‘ನಾನು ಕಟ್ಟಿಕೊಡುತ್ತೇನೆ, ಆದರೆ ಮೊದಲು ದಾಟುವ ಜೀವ ನನ್ನದು’ ಎಂದ. ಸೇತುವೆ ಎದ್ದಿತು. ಜನ ಅದರ ಮೇಲೆ ಒಂದು ಹೋತವನ್ನು ಅಟ್ಟಿದರು. ಮೋಸ ಹೋದ ಸೈತಾನ ಸೇತುವೆಯನ್ನೇ ಜಜ್ಜಿಬಿಡಲು ದೊಡ್ಡ ಬಂಡೆ ಹೊತ್ತು ತಂದ. ದಾರಿಯಲ್ಲಿ ಎದುರಾದ ಮುದುಕಿಯೊಬ್ಬಳು ಬಂಡೆಯ ಮೇಲೆ ಶಿಲುಬೆ ಗೀಚಿದಳು. ಅವನಿಗೆ ಅದನ್ನು ಮತ್ತೆ ಎತ್ತಲಾಗಲಿಲ್ಲ.

ಆ ಸೇತುವೆ ಇಲ್ಲದಿದ್ದರೆ ಗೊಟ್‌ಹಾರ್ಡ್ ಘಟ್ಟವು ದನಗಾಹಿಗಳಿಗಷ್ಟೇ ಗೊತ್ತಿರುವ ಒಂದು ಬೆಟ್ಟದ ನೆತ್ತಿಯಾಗಿ ಉಳಿಯುತ್ತಿತ್ತು. ಆಲ್ಪ್ಸ್ ಪರ್ವತಗಳನ್ನು ನಡುಮಧ್ಯದಲ್ಲಿ ದಾಟುವ ಈ ಘಟ್ಟದ ಎತ್ತರ 2,106 ಮೀಟರ್. ಅಕ್ಕಪಕ್ಕದ ಹಲವು ದಾರಿಗಳಲ್ಲಿ ಒಂದು ಸಾಲು ಹತ್ತಿಳಿದು ಮತ್ತೊಂದು ಸಾಲನ್ನು ಹತ್ತಬೇಕು. ಇಲ್ಲಿ ಒಂದೇ ಏರು, ಒಂದೇ ಇಳಿಜಾರು. ಉತ್ತರಕ್ಕೆ ಹರಿಯುವ ರಾಯ್ಸ್ ನದಿಯ ನೀರು ರೈನ್ ಸೇರಿ ಉತ್ತರ ಸಮುದ್ರ ಮುಟ್ಟುತ್ತದೆ. ದಕ್ಷಿಣಕ್ಕೆ ಇಳಿಯುವ ಟಿಚಿನೊ, ಪೊ ನದಿಯ ಮೂಲಕ ಏಡ್ರಿಯಾಟಿಕ್ ಸೇರುತ್ತದೆ. ರೈನ್ ಮತ್ತು ರೋನ್ ನದಿಗಳ ಮೂಲಗಳೂ ಇಲ್ಲಿಂದ ದೂರವಿಲ್ಲ. ಘಟ್ಟದ ಈಚೆ ಜರ್ಮನ್ ಮಾತು, ಆಚೆ ಇಟಾಲಿಯನ್.

ಇಷ್ಟು ನೇರವಾದ ದಾರಿಯಿದ್ದರೂ ರೋಮನ್ನರು ಇದನ್ನು ಹೆಚ್ಚು ಬಳಸಲಿಲ್ಲ. ತೊಡಕು ಇದ್ದದ್ದು ಘಟ್ಟದ ನೆತ್ತಿಯಲ್ಲಲ್ಲ, ಅದಕ್ಕಿಂತ ಬಹಳ ಕೆಳಗೆ, ಗೋಶೆನೆನ್ ಮತ್ತು ಆಂಡರ್‌ಮಾಟ್ ಹಳ್ಳಿಗಳ ನಡುವಿನ ಶೆಲೆನೆನ್ ಕಮರಿಯಲ್ಲಿ. ಎರಡೂ ಕಡೆ ಗೋಡೆಯಂತೆ ನಿಂತ ಗ್ರಾನೈಟ್, ನಡುವೆ ಭೋರ್ಗರೆಯುವ ನದಿ, ಕಾಲಿಡಲು ದಡವೇ ಇಲ್ಲ. ಹದಿಮೂರನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಗಂಟು ಬಿಚ್ಚಿತು. ನದಿಗೆ ಅಡ್ಡಲಾಗಿ ಮರದ ಸೇತುವೆ ಎದ್ದಿತು. ಸೇತುವೆಯನ್ನೇ ಹಾಕಲಾಗದ ಕಡೆ ಬಂಡೆಯ ಗೋಡೆಯ ಮಗ್ಗುಲಿಗೆ ಹಲಗೆಗಳ ಅಟ್ಟಣೆ ಕಟ್ಟಿದರು. ಹಲಗೆಯ ಸಂದಿನಲ್ಲಿ ಕಾಣುವ ನದಿಯ ಮೇಲೆ ಹೇರು ಹೊತ್ತ ಪ್ರಾಣಿಯನ್ನು ನಡೆಸಿಕೊಂಡು ಹೋಗಬೇಕಿತ್ತು. ಸೈತಾನನ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ದಾರಿ ತೆರೆದದ್ದೇ ತಡ, ಊರಿಯ ಹಣೆಬರಹ ಬದಲಾಯಿತು. 1230ರಲ್ಲಿ ಮಿಲಾನಿನ ಆರ್ಚ್‌ಬಿಷಪ್ ಘಟ್ಟದ ಮೇಲಿನ ಪ್ರಾರ್ಥನಾಮಂದಿರವನ್ನು ಸಂತ ಗೊಟ್‌ಹಾರ್ಡನ ಹೆಸರಿನಲ್ಲಿ ಪ್ರತಿಷ್ಠಾಪಿಸಿದರು. ಘಟ್ಟಕ್ಕೆ ಹೆಸರು ಬಂದದ್ದು ಅಲ್ಲಿಂದ. ಮರುವರ್ಷವೇ, 1231ರಲ್ಲಿ, ಊರಿಯು ನಡುವಿನ ಒಡೆಯರ ಹಂಗಿಲ್ಲದೆ ನೇರವಾಗಿ ಪವಿತ್ರ ರೋಮನ್ ಸಾಮ್ರಾಟನ ಅಧೀನಕ್ಕೆ ಬರುವ ಹಕ್ಕನ್ನು ಪಡೆಯಿತು. ಇದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ. ಉತ್ತರದಿಂದ ಇಟಲಿಗೆ ಇಳಿಯುವ ಹೊಸ ಬಾಗಿಲು ತೆರೆದಾಗ, ಅದರ ಕೀಲಿಕೈ ಇನ್ನೊಬ್ಬ ಜಹಗೀರುದಾರನ ಕೈಗೆ ಸಿಗುವುದು ಯಾವ ದೊರೆಗೂ ಬೇಕಿರಲಿಲ್ಲ. ಸ್ವಿಸ್ ಒಕ್ಕೂಟದ ಬುನಾದಿ ಎನಿಸಿದ 1291ರ ಒಪ್ಪಂದದಲ್ಲಿ ನೆರೆಯ ಕಣಿವೆಗಳೊಡನೆ ಕೈಜೋಡಿಸಿದ ಊರಿಯ ಬೆನ್ನಿಗೆ ಈ ದಾರಿಯ ಬಲವಿತ್ತು. ಆಮೇಲೆ ಊರಿಯವರೇ ಘಟ್ಟ ದಾಟಿ ದಕ್ಷಿಣದ ಲೆವೆಂಟಿನಾ ಕಣಿವೆಯನ್ನು ಹಿಡಿದು 1798ರವರೆಗೂ ಆಳಿದರು. ಸ್ವಾತಂತ್ರ್ಯದ ಕಥೆ ಹೇಳುವಾಗ ಇದನ್ನು ಮರೆಯಬಾರದು.

ಸಾಮಾನು ಸಾಗಿಸುವ ಕೆಲಸ ಹೇರಾಳುಗಳದು. ಹೇಸರಗತ್ತೆ, ಕುದುರೆಗಳ ಬೆನ್ನಿಗೆ ಮೂಟೆ ಬಿಗಿದು ಅವರು ಘಟ್ಟ ಏರುತ್ತಿದ್ದರು. ಒಂದೊಂದು ಕಣಿವೆಯವರೂ ಸಂಘ ಕಟ್ಟಿಕೊಂಡಿದ್ದರು. ತಮ್ಮ ಎಲ್ಲೆಯೊಳಗೆ ಹೇರು ಹೊರುವ ಹಕ್ಕು ತಮ್ಮದೇ. ಎಲ್ಲೆ ಬಂದೊಡನೆ ಉಗ್ರಾಣದಲ್ಲಿ ಇಳಿಸಬೇಕು, ಮುಂದಿನ ಊರಿನವರು ಎತ್ತಿಕೊಳ್ಳಬೇಕು. ದಾರಿಯ ದುರಸ್ತಿಯೂ ಅವರ ಹೊಣೆಯೇ. ವರ್ತಕರಿಗೆ ಇದು ಕಿರಿಕಿರಿ, ಹಳ್ಳಿಗಳಿಗೆ ಅನ್ನ. ದಕ್ಷಿಣಕ್ಕೆ ಚೀಸ್ ಮತ್ತು ದನಗಳು ಇಳಿದರೆ, ಅಲ್ಲಿಂದ ದ್ರಾಕ್ಷಾರಸವೂ ಅಕ್ಕಿಯೂ ಬರುತ್ತಿದ್ದವು. ನೆತ್ತಿಯ ಮೇಲಿನ ಛತ್ರ ಹಿಮದಲ್ಲಿ ಸಿಕ್ಕಿದವರಿಗೆ ನೆರಳು ಕೊಟ್ಟಿತು.

ಹಲಗೆಯ ಅಟ್ಟಣೆಯನ್ನು 1707ರ ಪ್ರವಾಹ ಹಾಳುಗೆಡವಿದಾಗ, ಪಿಯೆತ್ರೊ ಮೊರೆತ್ತೀನಿ ಎಂಬ ಎಂಜಿನಿಯರ್ ಮರುವರ್ಷದೊಳಗೆ ಬಂಡೆಯನ್ನೇ ಕೊರೆದು 64 ಮೀಟರ್ ಉದ್ದದ ಸುರಂಗ ಮಾಡಿದ. ಇದು ಆಲ್ಪ್ಸ್‌ನ ಮೊದಲ ರಸ್ತೆ ಸುರಂಗವೆಂದು ಹೆಸರಾಗಿದೆ. 1799ರ ಸೆಪ್ಟೆಂಬರಿನಲ್ಲಿ ರಷ್ಯಾದ ಸೇನಾನಿ ಸುವೊರೊವ್ ಫ್ರೆಂಚರೊಡನೆ ಕಾದಾಡುತ್ತಾ ಇದೇ ಕಮರಿಯನ್ನು ದಾಟಿದ. 1830ರಲ್ಲಿ ಗಾಡಿ ಓಡುವ ರಸ್ತೆ ಮುಗಿಯಿತು, 1842ರಿಂದ ದಿನವೂ ಅಂಚೆ ಗಾಡಿ. ಹೇರಾಳುಗಳ ಕಾಲ ಅಲ್ಲಿಗೆ ಮುಗಿಯಿತು. ಗಾಡಿಗಳ ಕಾಲವೂ ಸುಮಾರು ಅರ್ಧ ಶತಮಾನವಷ್ಟೇ ನಡೆಯಿತು.

1872ರಲ್ಲಿ ಬೆಟ್ಟದ ಎರಡೂ ಕಡೆಯಿಂದ, ಗೋಶೆನೆನ್ ಮತ್ತು ಐರೋಲೊಗಳಿಂದ, 15 ಕಿಲೋಮೀಟರಿನ ರೈಲು ಸುರಂಗ ಕೊರೆಯಲು ಆರಂಭಿಸಿದರು. ಹಣ ಸ್ವಿಟ್ಜರ್ಲೆಂಡ್, ಇಟಲಿ, ಜರ್ಮನಿಗಳದು. ಬೆವರು ಹೆಚ್ಚಾಗಿ ಇಟಲಿಯ ಬಡವರದು. ಗುತ್ತಿಗೆದಾರ ಲೂಯಿ ಫಾವ್ರ್ ಎಂಟು ವರ್ಷದಲ್ಲಿ ಮುಗಿಸುವುದಾಗಿ ಮಾತು ಕೊಟ್ಟಿದ್ದ. ತಡವಾದರೆ ಭಾರಿ ದಂಡ. ಆ ಅವಸರದ ಭಾರ ಬಿದ್ದದ್ದು ಒಳಗೆ ದುಡಿಯುವವರ ಮೇಲೆ. ಒಳಗೆ ಮೂವತ್ತು ಡಿಗ್ರಿ ದಾಟಿದ ಸೆಕೆ, ಡೈನಮೈಟಿನ ಹೊಗೆ, ಮೊಣಕಾಲುದ್ದ ನೀರು. 1875ರ ಜುಲೈನಲ್ಲಿ ಗೋಶೆನೆನ್ ಕಡೆಯ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಮೇಲೆ ಗುಂಡು ಹಾರಿಸಲಾಯಿತು. ನಾಲ್ವರು ಸತ್ತರು.

ಗುಂಡಿಗಿಂತ ಹೆಚ್ಚು ಜನರನ್ನು ಹಿಂಡಿದ್ದು ಒಂದು ಹುಳು. ಸುರಂಗದಲ್ಲಿ ಶೌಚಕ್ಕೆ ವ್ಯವಸ್ಥೆ ಇರಲಿಲ್ಲ. ಬೆಚ್ಚಗಿನ ಕೆಸರಿನಲ್ಲಿ ಕೊಕ್ಕೆಹುಳು ಬೆಳೆಯಿತು, ಚರ್ಮವನ್ನು ಕೊರೆದು ಒಳಹೊಕ್ಕಿತು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರಿತು. ಗಟ್ಟಿಮುಟ್ಟಾದ ಆಳುಗಳು ಬಿಳಿಚಿಕೊಂಡು ಏದುಸಿರು ಬಿಡುತ್ತಾ ಊರಿಗೆ ಮರಳಿದರು. 1880ರಲ್ಲಿ ಟ್ಯೂರಿನ್ನಿನ ವೈದ್ಯರು ಈ ರಕ್ತಹೀನತೆಯ ಕಾರಣವನ್ನು ಪತ್ತೆ ಹಚ್ಚಿದರು. ನಮ್ಮ ಹಳ್ಳಿಗಳಲ್ಲಿ ಬರಿಗಾಲಿನವರಿಗೆ ಅಂಟುತ್ತಿದ್ದ ಅದೇ ಬಗೆಯ ರೋಗ, ಹಿಮದ ನಾಡಿನ ಬೆಟ್ಟದ ಹೊಟ್ಟೆಯೊಳಗೆ! ಸುರಂಗದಲ್ಲಿ ಸತ್ತವರ ಲೆಕ್ಕ ಇನ್ನೂರರ ಆಸುಪಾಸು. ಮನೆಗೆ ಹೋಗಿ ಸತ್ತವರು ಆ ಲೆಕ್ಕದಲ್ಲಿಲ್ಲ.

ಫಾವ್ರ್ ಕೂಡ ಉಳಿಯಲಿಲ್ಲ. 1879ರ ಜುಲೈನಲ್ಲಿ ಸುರಂಗದೊಳಗೇ ಕುಸಿದು ಸತ್ತ. 1880ರ ಫೆಬ್ರವರಿ ಕೊನೆಯಲ್ಲಿ ಎರಡೂ ಕಡೆಯವರು ಕೊರೆದ ರಂಧ್ರ ಕೂಡಿದಾಗ, ಅದರ ಮೂಲಕ ಮೊದಲು ದಾಟಿದ್ದು ಅವನ ಭಾವಚಿತ್ರವಿದ್ದ ಡಬ್ಬಿ. ಎರಡು ತುದಿಗಳ ನಡುವಿನ ಅಡ್ಡ ವ್ಯತ್ಯಾಸ ಬರೀ 33 ಸೆಂಟಿಮೀಟರ್. ರೈಲು ಕಂಪನಿಯ ಮುಖ್ಯಸ್ಥನಾಗಿ ಯೋಜನೆಗೆ ದುಡಿದ ಆಲ್ಫ್ರೆಡ್ ಎಶರ್‌ಗೆ, ವೆಚ್ಚ ಮಿತಿಮೀರಿತೆಂದು ಆ ಹೊತ್ತಿಗಾಗಲೇ ರಾಜೀನಾಮೆ ಕೊಡಿಸಲಾಗಿತ್ತು. 1882ರಲ್ಲಿ ರೈಲು ಓಡಿತು. ಸತ್ತ ಕೂಲಿಗಳಿಗಾಗಿ ಶಿಲ್ಪಿ ವಿನ್ಸೆಂಜೊ ವೇಲಾ ಆಗಲೇ ರೂಪಿಸಿದ್ದ ಉಬ್ಬುಶಿಲ್ಪ ಐರೋಲೊ ನಿಲ್ದಾಣದ ಬಳಿ ಕಂಚಿನಲ್ಲಿ ನಿಂತದ್ದು 1932ರಲ್ಲಿ, ಐವತ್ತು ವರ್ಷಗಳ ನಂತರ.

ಈ ಹಳಿಯ ಏರುದಾರಿ ನೋಡುವಂಥದ್ದು. ಸುರಂಗದ ಬಾಯಿ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹತ್ತಲು ರೈಲು ಬೆಟ್ಟದೊಳಗೆ ಸುತ್ತಿ ಸುತ್ತಿ ಹೊರಬರಬೇಕು. ವಾಸೆನ್ ಹಳ್ಳಿಯ ಬಿಳಿ ಚರ್ಚು ಮೂರು ಸಲ ಕಾಣುತ್ತದೆ: ಮೊದಲು ತಲೆಯ ಮೇಲೆ, ಆಮೇಲೆ ಕಣ್ಣಿನ ನೇರಕ್ಕೆ, ಕೊನೆಗೆ ಕೆಳಗೆ.

1980ರ ಸೆಪ್ಟೆಂಬರ್ 5ರಂದು 16.9 ಕಿಲೋಮೀಟರಿನ ರಸ್ತೆ ಸುರಂಗ ತೆರೆಯಿತು. ಸೈತಾನನ ಕಲ್ಲು ಜರುಗಿದ್ದು ಇದಕ್ಕೆ ಕೂಡುವ ಹೆದ್ದಾರಿಗಾಗಿ. ಲಾರಿಗಳು ಹೊಳೆಯಂತೆ ಬಂದವು. ಹೇರಾಳುಗಳ ಕಾಲದಲ್ಲಿ ಪ್ರತಿ ಊರಿಗೂ ಏನಾದರೂ ದಕ್ಕುತ್ತಿತ್ತು. ಈಗ ಕಣಿವೆಗೆ ಉಳಿದದ್ದು ಹೊಗೆ ಮತ್ತು ಸದ್ದು. 1994ರ ಜನಮತಗಣನೆಯಲ್ಲಿ ಸ್ವಿಸ್ ಮತದಾರರು, ಆಲ್ಪ್ಸ್ ದಾಟುವ ಸರಕು ರೈಲಿಗೆ ಹೋಗಬೇಕು, ಘಟ್ಟದ ರಸ್ತೆಗಳ ಸಾಮರ್ಥ್ಯ ಹೆಚ್ಚಬಾರದು ಎಂದು ಸಂವಿಧಾನದಲ್ಲೇ ಬರೆಸಿದರು. 2001ರ ಅಕ್ಟೋಬರ್ 24ರಂದು ಸುರಂಗದಲ್ಲಿ ಎರಡು ಲಾರಿ ಡಿಕ್ಕಿ ಹೊಡೆದು ಬೆಂಕಿ ಹತ್ತಿತು, 11 ಜನ ಸತ್ತರು. ಒಂದೇ ಕೊಳವೆಯಲ್ಲಿ ಎದುರುಬದುರು ವಾಹನ ಓಡಿಸುವ ಅಪಾಯ ಎಲ್ಲರಿಗೂ ಕಂಡಿತು. 2016ರಲ್ಲಿ ಎರಡನೆಯ ಕೊಳವೆಗೆ ಮತದಾರರು ಒಪ್ಪಿದರು, ಆದರೆ ಪ್ರತಿ ಕೊಳವೆಯಲ್ಲಿ ಒಂದೇ ಪಥ ಬಳಸಬೇಕೆಂಬ ಕಟ್ಟಿನೊಂದಿಗೆ. ಆ ಕಟ್ಟು ಎಷ್ಟು ಕಾಲ ನಿಲ್ಲುತ್ತದೆಂಬ ಅಳುಕು ಕಣಿವೆಯವರಿಗಿದೆ, ಅದು ನ್ಯಾಯವಾದ ಅಳುಕು.

ಅದೇ ವರ್ಷದ ಜೂನ್ 1ರಂದು 57 ಕಿಲೋಮೀಟರಿನ ಹೊಸ ರೈಲು ಸುರಂಗ ಉದ್ಘಾಟನೆಯಾಯಿತು. ಇದು ಬೆಟ್ಟವನ್ನು ಹತ್ತುವುದೇ ಇಲ್ಲ. ಇದರ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 549 ಮೀಟರ್, ಬೆಂಗಳೂರಿಗಿಂತ ಎಷ್ಟೋ ತಗ್ಗು. ತಲೆಯ ಮೇಲೆ ಎರಡು ಕಿಲೋಮೀಟರಿಗೂ ಮೀರಿದ ಬಂಡೆ. ಆ ಆಳದಲ್ಲಿ ಬಂಡೆಯ ಬಿಸಿ 45 ಡಿಗ್ರಿ. ಇಲ್ಲೂ ಒಂಬತ್ತು ಕೆಲಸಗಾರರು ಜೀವ ಕಳೆದುಕೊಂಡರು.

2023ರ ಆಗಸ್ಟ್ 10ರಂದು ಈ ಸುರಂಗದೊಳಗೆ ಸರಕು ರೈಲೊಂದರ ಚಕ್ರ ಒಡೆದು ಬಂಡಿಗಳು ಹಳಿ ತಪ್ಪಿದವು. ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಆದರೆ ಕಿಲೋಮೀಟರ್‌ಗಟ್ಟಲೆ ಹಳಿ ಹಾಳಾಯಿತು. ಪೂರ್ತಿ ದುರಸ್ತಿಯಾದದ್ದು 2024ರ ಸೆಪ್ಟೆಂಬರಿನಲ್ಲಿ. ಆ ನಡುವೆ ಬಹುಪಾಲು ಪ್ರಯಾಣಿಕ ರೈಲುಗಳು 1882ರ ಹಳೆಯ ದಾರಿಯಲ್ಲೇ ಹತ್ತಿ ಇಳಿದವು. ಸುಮಾರು ಒಂದು ತಾಸು ಹೆಚ್ಚಾಗುತ್ತಿತ್ತು. ವಾಸೆನ್ ಚರ್ಚು ಮೂರು ಸಲ ಕಾಣುತ್ತಿತ್ತು.