ಟ್ಯಾಂಕಿನಲ್ಲಿರುವ ಪೆಟ್ರೋಲ್ ಎಂಥದ್ದೆಂದು ಸ್ಕ್ಯಾನರ್ ಹೇಳುತ್ತದೆಯೇ?

ಪ್ರಶ್ನೆ: ದಾವಣಗೆರೆಯಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಕಾರಿನ ಮೈಲೇಜ್ ಇಳಿದಿದೆ. ಓಬಿಡಿ ಆ್ಯಪ್ (ಕಾರಿಗೆ ಸಿಕ್ಕಿಸಿದ ಸ್ಕ್ಯಾನರ್‌ನ ಮಾಹಿತಿ ತೋರಿಸುವ ಫೋನ್ ಆ್ಯಪ್) ‘ಫ್ಯೂಯಲ್ ಟೈಪ್: ಗ್ಯಾಸೊಲಿನ್’ ಎಂದಷ್ಟೇ ತೋರಿಸುತ್ತದೆ. ಎಥನಾಲ್ ಎಷ್ಟಿದೆ, ಸೀಮೆಎಣ್ಣೆ ಬೆರೆತಿದೆಯೇ ಎಂದು ಸೆನ್ಸರ್‌ಗಳಿಂದ ತಿಳಿಯಬಹುದೇ?

ಉತ್ತರ: ಎಥನಾಲ್‌ನ ಅಂದಾಜು ಸಿಗುತ್ತದೆ, ಸೀಮೆಎಣ್ಣೆಯದು ಸಿಗುವುದಿಲ್ಲ. ಆ್ಯಪ್ ತೋರಿಸುವ ‘ಫ್ಯೂಯಲ್ ಟೈಪ್’ ಅಳತೆಯೇ ಅಲ್ಲ. ಅದು ಕಂಪನಿಯವರು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುನಲ್ಲಿ ಬರೆದಿಟ್ಟ ಸಂಕೇತ. ಟ್ಯಾಂಕಿಗೆ ಏನೇ ಸುರಿದರೂ ಬದಲಾಗದು. ಎಥನಾಲ್ ಅನ್ನು ನೇರವಾಗಿ ಅಳೆಯುವ ಸೆನ್ಸರ್ ಕೆಲವು ಫ್ಲೆಕ್ಸ್ ಫ್ಯೂಯಲ್ (ಹೆಚ್ಚು ಎಥನಾಲ್ ಬೆರೆತ ಪೆಟ್ರೋಲಿನಲ್ಲೂ ಓಡುವ) ವಾಹನಗಳಲ್ಲಿದೆ, ಮಾಮೂಲಿ ಕಾರಿನಲ್ಲಿ ಇಲ್ಲ.

ನಮಗೆ ಸಿಗುವ ಸುಳಿವು ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್‌ನದು. 1 ಕೆ.ಜಿ. ಶುದ್ಧ ಪೆಟ್ರೋಲ್ ಉರಿಯಲು 14.7 ಕೆ.ಜಿ. ಗಾಳಿ ಬೇಕು. ಎಥನಾಲ್‌ನ ಅಣುವಿನಲ್ಲೇ ಆಕ್ಸಿಜನ್ ಇರುವುದರಿಂದ ಇ20ಗೆ (ಶೇ 20 ಎಥನಾಲ್ ಬೆರೆತ ಪೆಟ್ರೋಲ್) ಸುಮಾರು 13.5 ಕೆ.ಜಿ. ಸಾಕು. ಮೊದಲಿನಷ್ಟೇ ಇಂಧನ ಹೋದರೆ ಗಾಳಿ ಮಿಗುತ್ತದೆ. ಹೀಗೆ ಹೊಗೆಯಲ್ಲಿ ಆಕ್ಸಿಜನ್ ಉಳಿದರೆ ಸೆನ್ಸರ್‌ನ ವೋಲ್ಟೇಜ್ 0.45ಕ್ಕಿಂತ ಕೆಳಗಿಳಿಯುತ್ತದೆ, ಇಸಿಯು ಇಂಧನ ಚಿಮ್ಮಿಸುವ ಇಂಜೆಕ್ಟರ್ ಅನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಈ ತಿದ್ದುಪಡಿಯೇ ಫ್ಯೂಯಲ್ ಟ್ರಿಮ್. ಇ10ರಿಂದ ಇ20ಗೆ ಹೋದಾಗ ಅದು ಶೇ 3ರಿಂದ 4ರಷ್ಟು ಏರುತ್ತದೆ.

ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಒಮ್ಮೆ, ತುಂಬಿಸಿ 20 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಆ್ಯಪ್‌ನಲ್ಲಿ ಟ್ರಿಮ್ ಓದಿ. ಕೂಲಂಟ್ 80 ಡಿಗ್ರಿ ದಾಟಿರಬೇಕು, ಎಸಿ ಆಫ್ ಇರಲಿ. ಶಾರ್ಟ್ ಟರ್ಮ್ (ಆ ಕ್ಷಣದ), ಲಾಂಗ್ ಟರ್ಮ್ (ಇಸಿಯು ಕಲಿತಿಟ್ಟ) ಟ್ರಿಮ್ ಎರಡನ್ನೂ ಕೂಡಿಸಿ ಬರೆದುಕೊಳ್ಳಿ: ಐಡಲ್‌ನಲ್ಲಿ (ಆ್ಯಕ್ಸಿಲರೇಟರ್ ಒತ್ತದೆ), ನಿಂತಲ್ಲೇ 2500 ಆರ್‌ಪಿಎಂನಲ್ಲಿ, ಆಮೇಲೆ ಚಿತ್ರದುರ್ಗದ ಕಡೆಯ ಹೆದ್ದಾರಿ 48ರಲ್ಲಿ ಒಂದೇ ಸಮನೆ 80 ಕಿ.ಮೀ. ವೇಗದಲ್ಲಿ. ಜೊತೆಗೊಬ್ಬರಿರಲಿ, ಓಡಿಸುವವರು ಫೋನ್ ನೋಡಬಾರದು. ಎರಡು ಓದುಗಳ ನಡುವೆ ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಅಳಿಸಬೇಡಿ. ಎಷ್ಟೋ ಕಾರುಗಳಲ್ಲಿ ಇಸಿಯು ಕಲಿತಿಟ್ಟ ಲಾಂಗ್ ಟರ್ಮ್ ಟ್ರಿಮ್ ಕೂಡ ಸೊನ್ನೆಗೆ ಹೋಗಿಬಿಡುತ್ತದೆ.

ಜನ ಎಡವುವುದು ಇಲ್ಲಿಯೇ. ಟ್ರಿಮ್ ಏರಿದ ಮಾತ್ರಕ್ಕೆ ಎಥನಾಲ್ ಎನ್ನಲಾಗದು. ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದ್ದರೆ ಇಂಧನದ ಮೇಲೆ ಅನುಮಾನ ಪಡಬಹುದು. ಐಡಲ್‌ನಲ್ಲಿ ಮಾತ್ರ ಏರಿ 2500ರಲ್ಲಿ ಇಳಿದರೆ ಇನ್‌ಟೇಕ್ ಹೋಸಿನಲ್ಲೋ ಗ್ಯಾಸ್ಕೆಟ್‌ನಲ್ಲೋ ಗಾಳಿ ಸೋರುತ್ತಿದೆ. ಹೆದ್ದಾರಿಯಲ್ಲಿ ಮಾತ್ರ ಏರಿದರೆ ಫ್ಯೂಯಲ್ ಪಂಪ್ ಒತ್ತಡ, ಕಟ್ಟಿದ ಫಿಲ್ಟರ್ ನೋಡಿಸಿ. ಪಿ0171 ಕೋಡ್ (ಗಾಳಿ ಹೆಚ್ಚು, ಇಂಧನ ಕಡಿಮೆ ಎಂಬ ದೋಷಸೂಚನೆ) ಬರುವಷ್ಟು ಏರಿದ್ದರೆ ಅದು ಇ20ಯ ಕೆಲಸವಲ್ಲ, ಗ್ಯಾರೇಜಿನ ಕೆಲಸ.

ಮೈಲೇಜ್ ಲೆಕ್ಕಕ್ಕೂ ಇದೇ ಎಚ್ಚರಿಕೆ. ಇ10ರಿಂದ ಇ20ಗೆ ಶಕ್ತಿ ಇಳಿಯುವುದು ಸುಮಾರು ಶೇ 3 ಮಾತ್ರ. ಶೇ 15 ಇಳಿದಿದ್ದರೆ ಕಾರಣ ಬೇರೆಯೇ. ಮಳೆಗಾಲದಲ್ಲಿ ಚಿತ್ರದುರ್ಗದಿಂದ ವಾಪಸ್ ಬರುವಾಗ ಪಡುವಣ ಗಾಳಿ ಎದುರಾದರೂ ಮೈಲೇಜ್ ಬೀಳುತ್ತದೆ, ಟ್ರಿಮ್ ಮಾತ್ರ ಅಲುಗದು.

ಸೀಮೆಎಣ್ಣೆಗೆ ಬೇಕಾದ ಗಾಳಿ ಪೆಟ್ರೋಲಿನಷ್ಟೇ ಇರುವುದರಿಂದ ಟ್ರಿಮ್‌ನಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ. ಆಕ್ಟೇನ್ ಇಳಿದು ನಾಕಿಂಗ್ ಆಗುತ್ತದೆ (ಇಂಧನ ಅಕಾಲದಲ್ಲಿ ಉರಿದು ಎಂಜಿನ್ ಟಕಟಕ ಎನ್ನುತ್ತದೆ), ಇಸಿಯು ಇಗ್ನಿಷನ್ ಅನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ತಡಮಾಡುತ್ತದೆ. ಇಂಗಾಲ ಕಟ್ಟಿದ ಹಳೆಯ ಎಂಜಿನ್ನಿನಲ್ಲೂ ಹಾಗೆಯೇ ಆಗುತ್ತದೆ. ಹಾಗಾಗಿ ಸೀಮೆಎಣ್ಣೆಯ ಅನುಮಾನಕ್ಕೆ ಬಂಕಿನಲ್ಲೇ ಡೆನ್ಸಿಟಿ (ಸಾಂದ್ರತೆ) ಪರೀಕ್ಷೆ ಕೇಳಿ, 15 ಡಿಗ್ರಿಗೆ ತಿದ್ದಿದ ಅಂಕಿಯನ್ನು ಅವರ ದಾಖಲೆಯೊಂದಿಗೆ ಹೋಲಿಸಿ.

ಎಥನಾಲ್ ಖಚಿತಪಡಿಸಿಕೊಳ್ಳಲು 100 ಮಿ.ಲೀ. ಅಳತೆ ಜಾರಿಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಕುಲುಕಿ, 10 ನಿಮಿಷ ಬಿಡಿ. ಎಥನಾಲ್ ನೀರಿಗೆ ಸೇರುತ್ತದೆ. ಇ20 ಆದರೆ ತಳದ ಪದರ 28 ಮಿ.ಲೀ. ಆಸುಪಾಸಿಗೆ ಬರುತ್ತದೆ, ಇ10 ಆದರೆ 19. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ.