ಜುಟ್ಟು ಯಾರ ಕೈಯಲ್ಲಿ?

ಅಮೆರಿಕದ ಸೇನೆಯ ದಂಡನಾಯಕರಾಗಿದ್ದ ಜೇಮ್ಸ್ ವಿಲ್ಕಿನ್‌ಸನ್ 1801ರ ಏಪ್ರಿಲ್ 30ರಂದು ಒಂದು ಆದೇಶ ಹೊರಡಿಸಿದರು. ಅಧಿಕಾರಿಯೇ ಇರಲಿ, ಸಿಪಾಯಿಯೇ ಇರಲಿ, ಬೆನ್ನಿಗೆ ಇಳಿಬಿಟ್ಟ ಜಡೆಯನ್ನು ಕತ್ತರಿಸಿಕೊಳ್ಳಬೇಕು ಎಂಬುದೇ ಆ ಆದೇಶ. ಥಾಮಸ್ ಬಟ್ಲರ್ ಎಂಬ ಹಿರಿಯ ಅಧಿಕಾರಿ ಅದಕ್ಕೆ ಒಪ್ಪಲಿಲ್ಲ. ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿದ್ದ ಅವರ ತಲೆಮಾರಿಗೆ ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟುವುದೇ ಮರ್ಯಾದಸ್ಥರ ಲಕ್ಷಣವಾಗಿತ್ತು. ಜಾರ್ಜ್ ವಾಷಿಂಗ್ಟನ್ ಅವರ ತಲೆಯೂ ಹಾಗೆಯೇ ಇತ್ತು. 1803ರಲ್ಲಿ ಬಟ್ಲರ್ ಅವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ ಛೀಮಾರಿ ಹಾಕಿದರು. ಜಡೆ ಹೋಗಲಿಲ್ಲ. 1805ರಲ್ಲಿ ಮತ್ತೆ ವಿಚಾರಣೆ ನಡೆದು, ಒಂದು ವರ್ಷ ಸಂಬಳವಿಲ್ಲದ ಅಮಾನತಿನ ಶಿಕ್ಷೆಯಾಯಿತು. ಮುಂದೆ ದೇಶದ ಅಧ್ಯಕ್ಷರಾದ ಆಂಡ್ರ್ಯೂ ಜಾಕ್ಸನ್ ಇವರ ಪರವಾಗಿ ಆಗಿನ ಅಧ್ಯಕ್ಷ ಜೆಫರ್ಸನ್ ಅವರಿಗೆ ಪತ್ರ ಬರೆದಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಟ್ಲರ್ ತೀರಿಕೊಂಡರು. ಶವಪೆಟ್ಟಿಗೆಯ ತಳಕ್ಕೆ ತೂತು ಕೊರೆದು ತಮ್ಮ ಜಡೆಯನ್ನು ಹೊರಗೆ ಇಳಿಬಿಡಬೇಕು, ಸತ್ತ ಮೇಲೂ ತಾನು ಮಣಿದಿಲ್ಲವೆಂದು ವಿಲ್ಕಿನ್‌ಸನ್‌ಗೆ ಗೊತ್ತಾಗಬೇಕು ಎಂದು ಅವರು ಹೇಳಿದ್ದರೆಂಬ ಕಥೆ ಉಳಿದುಕೊಂಡಿದೆ.

ಉದ್ದ ಕೂದಲಿನ ಗಂಡಸು ಶಿಸ್ತಿಲ್ಲದವನು, ನಂಬಲು ಯೋಗ್ಯನಲ್ಲ ಎಂಬ ಭಾವನೆ ಅನಾದಿಯಿಂದ ಬಂದದ್ದಲ್ಲ ಎಂಬುದಕ್ಕಾಗಿ ಈ ಕಥೆಯಿಂದ ಆರಂಭಿಸಿದೆ. ಬಟ್ಲರ್ ಅವರ ಯೌವನದಲ್ಲಿ ಜಡೆಯೇ ಗೌರವದ ಗುರುತಾಗಿತ್ತು. ಅವರ ಮುಪ್ಪಿನಲ್ಲಿ ಅದೇ ಜಡೆ ಅವಿಧೇಯತೆಯ ಗುರುತಾಯಿತು. ನಡುವೆ ಬದಲಾದದ್ದು ತಲೆಯಲ್ಲ, ಮೇಲಧಿಕಾರಿಯ ಕಣ್ಣು. ನಮ್ಮಲ್ಲಿ ‘ಕ್ರಾಪು’ ಎಂಬ ಮಾತು ಹುಟ್ಟಿದ್ದೂ ಇಂಥದೇ ತಿರುವಿನಲ್ಲಿ. ಅದು ಇಂಗ್ಲಿಷಿನ ‘ಕ್ರಾಪ್’ ನಮ್ಮ ನಾಲಿಗೆಗೆ ಒಗ್ಗಿಕೊಂಡ ರೂಪ. ಇಂಗ್ಲಿಷ್ ಶಾಲೆ, ಸರ್ಕಾರಿ ಕಚೇರಿಗಳ ಜೊತೆಗೇ ಅದು ನಮ್ಮೂರಿಗೂ ಬಂತು. ಜುಟ್ಟು ತೆಗೆಸಿ ಕ್ರಾಪು ಬಿಟ್ಟ ಮಗನನ್ನು ಮನೆಯ ಹಿರಿಯರು ಬೈದರೆ, ಕಚೇರಿ ಒಳಗೆ ಕರೆಯುತ್ತಿತ್ತು.

ಅಮೆರಿಕದಲ್ಲಿ ಈ ಕಣ್ಣಿನ ಅಧಿಕಾರ ಅತ್ಯಂತ ಕ್ರೂರವಾಗಿ ಬಿದ್ದದ್ದು ಆ ನೆಲದ ಮೂಲನಿವಾಸಿಗಳ ಮೇಲೆ. ಅವರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಆಯುಕ್ತ ವಿಲಿಯಂ ಜೋನ್ಸ್ 1902ರ ಜನವರಿಯಲ್ಲಿ ತಮ್ಮ ಕೈಕೆಳಗಿನವರಿಗೆಲ್ಲ ಒಂದು ಸುತ್ತೋಲೆ ಕಳುಹಿಸಿದರು. ಉದ್ದ ಕೂದಲು ಬಿಡುವುದು ನಾಗರಿಕತೆಯತ್ತ ಸಾಗುವ ಜನರಿಗೆ ಹೊಂದುವುದಿಲ್ಲ, ಗಂಡಸರು ಕತ್ತರಿಸಿಕೊಳ್ಳಲೇಬೇಕು ಎಂಬುದು ಅದರ ತಿರುಳು. ಕೇಳದವರನ್ನು ಕೆಲಸದಿಂದ ತೆಗೆಯಬಹುದು, ಪಡಿತರ ನಿಲ್ಲಿಸಬಹುದು ಎಂಬ ಉಪಾಯವೂ ಅದರಲ್ಲೇ ಇತ್ತು. ‘ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿದೆ’ ಎಂದು ನಾವು ಹೇಳುವ ಮಾತಿಗೆ ಇದಕ್ಕಿಂತ ನೇರವಾದ ಅರ್ಥ ಸಿಗಲಾರದು. ಹೊಟ್ಟೆಯನ್ನು ಹಿಡಿದು ತಲೆಯನ್ನು ಬೋಳಿಸುವ ಈ ಸುತ್ತೋಲೆಗೆ ಆಗ ಪತ್ರಿಕೆಗಳಲ್ಲೂ ಟೀಕೆ ಬಂತು. ಆದರೆ ಕೂದಲಿಗೂ ಕೂಲಿಗೂ ಗಂಟು ಹಾಕುವ ವಿದ್ಯೆ ಅಲ್ಲಿಗೆ ಮುಗಿಯಲಿಲ್ಲ.

ಕಪ್ಪು ಗಂಡಸರ ಪಾಡು ಇನ್ನೊಂದು ಬಗೆಯದು. ಅವರ ಕೂದಲು ಹುಟ್ಟಿನಿಂದಲೇ ಸುರುಳಿ. ಬಿಳಿಯರ ಲೋಕದಲ್ಲಿ ‘ಅಚ್ಚುಕಟ್ಟು’ ಎಂದರೆ ನೇರವಾಗಿ ಬಾಚಿದ ಕೂದಲು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಎಷ್ಟೋ ಮಂದಿ ಕ್ಷಾರ ಬೆರೆಸಿದ ಲೇಪವನ್ನು ತಲೆಗೆ ಮೆತ್ತಿಕೊಂಡು, ಚರ್ಮ ಸುಡುವವರೆಗೂ ಹಲ್ಲು ಕಚ್ಚಿ ಕುಳಿತು ಕೂದಲನ್ನು ನೇರ ಮಾಡಿಸಿಕೊಳ್ಳುತ್ತಿದ್ದರು. ಇದಕ್ಕೆ ‘ಕಾಂಕ್’ ಎಂದು ಹೆಸರು. ಮುಂದೆ ಕಪ್ಪು ಜನರ ನಾಯಕರಾದ ಮಾಲ್ಕಂ ಎಕ್ಸ್ ಹದಿಹರೆಯದಲ್ಲಿ ತಾವೂ ಹೀಗೆ ಮಾಡಿಸಿಕೊಂಡದ್ದನ್ನು ನೆನೆದು, ತನ್ನನ್ನು ತಾನೇ ಕೀಳಾಗಿ ಕಾಣುವತ್ತ ತಾನಿಟ್ಟ ದೊಡ್ಡ ಹೆಜ್ಜೆ ಅದು ಎಂದು ಹೇಳಿಕೊಂಡಿದ್ದಾರೆ. ಅರವತ್ತರ ದಶಕದಲ್ಲಿ ತಲೆಯ ಸುತ್ತ ಗುಂಡಗೆ ಬೆಳೆದ ‘ಆಫ್ರೊ’ ಬಂದಾಗ ಅದು ಬರಿಯ ಫ್ಯಾಷನ್ ಆಗಿರಲಿಲ್ಲ. ಹುಟ್ಟಿದ ಹಾಗೆಯೇ ಬದುಕುತ್ತೇನೆ ಎಂಬ ಘೋಷಣೆಯಾಗಿತ್ತು. ಅದೇ ಹೊತ್ತಿಗೆ ಬಿಳಿಯ ಹುಡುಗರೂ ವಿಯೆಟ್ನಾಂ ಯುದ್ಧದ ವಿರುದ್ಧ, ಅಪ್ಪಂದಿರ ಕಚೇರಿಯ ಶಿಸ್ತಿನ ವಿರುದ್ಧ ಭುಜದವರೆಗೆ ಕೂದಲು ಬಿಟ್ಟರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಆಗಷ್ಟೇ ಜಾರಿಗೆ ಬಂದಿತ್ತು. ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ ನೋಡಿ ಉದ್ಯೋಗದಲ್ಲಿ ಭೇದ ಮಾಡಬಾರದು ಎಂದು ಅದು ಹೇಳಿತು. ಕೂದಲಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಈ ಮೌನವನ್ನು ತುಂಬಿದ್ದು ಜಾರ್ಜಿಯಾ ರಾಜ್ಯದ ಮೇಕನ್ ಊರಿನ ಒಂದು ಪ್ರಕರಣ. ಅಲ್ಲಿಂದ ಇಂದಿನವರೆಗೂ ಎಲ್ಲ ದಾರಿಗಳೂ ಅದರ ಮೂಲಕವೇ ಹಾದುಹೋಗುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1970ರ ಜುಲೈನಲ್ಲಿ ವಿಲ್ಲಿಂಗ್‌ಹ್ಯಾಮ್ ಎಂಬ ತರುಣ ಊರಿನ ಪತ್ರಿಕೆ ‘ಮೇಕನ್ ಟೆಲಿಗ್ರಾಫ್’ನಲ್ಲಿ ಪುಟವಿನ್ಯಾಸದ ಕಲಾವಿದನ ಕೆಲಸ ಕೇಳಿಕೊಂಡು ಹೋದರು. ಅವರ ಕೂದಲು ಭುಜದವರೆಗಿತ್ತು. ಕೆಲಸ ಸಿಗಲಿಲ್ಲ. ಅದೇ ತಿಂಗಳು ಹತ್ತಿರದ ಬೈರನ್‌ನಲ್ಲಿ ದೊಡ್ಡ ಪಾಪ್ ಸಂಗೀತೋತ್ಸವ ನಡೆದಿತ್ತು, ಉದ್ದ ಕೂದಲಿನ ಯುವಕರ ದೊಡ್ಡ ಜಾತ್ರೆಯೇ ಅಲ್ಲಿ ನೆರೆದಿತ್ತು. ಅದನ್ನು ಕಂಡು ಮೂಗು ಮುರಿದಿದ್ದ ಊರಿನ ವ್ಯಾಪಾರಸ್ಥರೇ ಪತ್ರಿಕೆಯ ಜಾಹೀರಾತುದಾರರು. ಅವರ ಮುಂದೆ ಇಂಥವನನ್ನು ನಿಲ್ಲಿಸುವುದು ಹೇಗೆ ಎಂಬುದು ಆಡಳಿತದವರ ಅಳುಕು.

ವಿಲ್ಲಿಂಗ್‌ಹ್ಯಾಮ್ ಅವರ ವಾದ ಸರಳವಾಗಿತ್ತು. ಇದೇ ಉದ್ದದ ಕೂದಲಿನ ಹೆಂಗಸಿಗೆ ಕೆಲಸ ಕೊಡುತ್ತೀರಿ, ನನಗೆ ಕೊಡುವುದಿಲ್ಲ. ಇದು ಲಿಂಗಭೇದವಲ್ಲದೆ ಇನ್ನೇನು? ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯದ ಪೀಠವೊಂದು 1973ರಲ್ಲಿ ಅವರ ಮಾತಿಗೆ ಕಿವಿಗೊಟ್ಟಿತು. ಆದರೆ 1975ರಲ್ಲಿ ಅದೇ ನ್ಯಾಯಾಲಯದ ಪೂರ್ಣ ಪೀಠ ಆ ತೀರ್ಪನ್ನು ತಿರುವಿಹಾಕಿತು. ಚರ್ಮದ ಬಣ್ಣ, ಗಂಡು ಹೆಣ್ಣೆಂಬುದು ಬದಲಾಯಿಸಲಾಗದ ಲಕ್ಷಣಗಳು, ಕೂದಲಿನ ಉದ್ದ ಹಾಗಲ್ಲ, ಕತ್ತರಿ ಹಾಕಿದರೆ ಮುಗಿಯಿತು ಎಂದಿತು. ಮದುವೆಯಾಗುವುದು, ಮಕ್ಕಳನ್ನು ಪಡೆಯುವುದು ಮೂಲಭೂತ ಹಕ್ಕುಗಳು, ಕೂದಲು ಆ ಸಾಲಿಗೆ ಸೇರದು. ನಿಯಮ ಹಿಡಿಸದಿದ್ದರೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬಹುದು, ಇಲ್ಲವೇ ಕೆಲಸದ ಜೊತೆಗೆ ನಿಯಮವನ್ನೂ ಒಪ್ಪಿಕೊಳ್ಳಬಹುದು.

ನನಗೆ ಈ ತೀರ್ಪಿನಲ್ಲಿ ಹೆಚ್ಚು ನೋವಾಗುವುದು ಬೇರೊಂದು ಕಾರಣಕ್ಕೆ. ಕೇವಲ ನಾಲ್ಕು ವರ್ಷದ ಹಿಂದೆ, 1971ರಲ್ಲಿ, ಇದೇ ನ್ಯಾಯಾಲಯದ ಮುಂದೆ ಪ್ಯಾನ್ ಆಮ್ ವಿಮಾನ ಸಂಸ್ಥೆ ನಿಂತಿತ್ತು. ವಿಮಾನದೊಳಗಿನ ಸೇವೆಗೆ ಪ್ರಯಾಣಿಕರು ಹೆಂಗಸರನ್ನೇ ಬಯಸುತ್ತಾರೆ, ಆದ್ದರಿಂದ ಗಂಡಸರನ್ನು ನೇಮಿಸಿಕೊಳ್ಳುವುದಿಲ್ಲ ಎಂದು ಅದು ವಾದಿಸಿತ್ತು. ಗಿರಾಕಿಗಳ ಪೂರ್ವಗ್ರಹವೇ ಭೇದಭಾವಕ್ಕೆ ನೆಪವಾದರೆ ಕಾಯ್ದೆ ಇದ್ದೂ ಇಲ್ಲದಂತೆ ಎಂಬ ಅರ್ಥದಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತ್ತು. ಮೇಕನ್ ಪ್ರಕರಣದ ಬೇರಿನಲ್ಲಿದ್ದದ್ದೂ ಗಿರಾಕಿಗಳ ಅಸಹನೆಯೇ. ಆದರೆ ಇದು ಭೇದಭಾವವೇ ಅಲ್ಲ ಎಂದುಬಿಟ್ಟದ್ದರಿಂದ ಆ ಪ್ರಶ್ನೆಯ ಬಾಗಿಲನ್ನು ತಟ್ಟುವ ಪ್ರಮೇಯವೇ ಬರಲಿಲ್ಲ.

ಮರುವರ್ಷ ಸುಪ್ರೀಂ ಕೋರ್ಟು ಪೊಲೀಸರ ತಲೆಯನ್ನೂ ನೋಡಿತು. ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯ ಪೊಲೀಸ್ ಇಲಾಖೆ ಕೂದಲಿನ ಉದ್ದಕ್ಕೆ, ಕೆನ್ನೆಗೂದಲಿಗೆ, ಮೀಸೆಗೆ ಅಳತೆ ಗೊತ್ತುಮಾಡಿತ್ತು. ಎಲ್ಲರೂ ಒಂದೇ ರೀತಿ ಕಂಡರೆ ಜನರಿಗೆ ಪೊಲೀಸರನ್ನು ಗುರುತಿಸುವುದು ಸುಲಭ, ಪಡೆಯೊಳಗೂ ಒಗ್ಗಟ್ಟು ಬೆಳೆಯುತ್ತದೆ ಎಂಬ ಕಾರಣಕ್ಕೆ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ತೀರ್ಪು ಆ ನಿಯಮವನ್ನು ಎತ್ತಿಹಿಡಿಯಿತು. ಭಿನ್ನಮತದ ತೀರ್ಪು ಬರೆದವರು ಆ ಪೀಠದ ಏಕೈಕ ಕಪ್ಪು ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್. ಮನುಷ್ಯನ ಹೊರರೂಪ ಅವನ ವ್ಯಕ್ತಿತ್ವವನ್ನು ಪೋಷಿಸುತ್ತದೆ, ಅದರ ಮೇಲಿನ ಹಿಡಿತವೂ ಸ್ವಾತಂತ್ರ್ಯದ ಭಾಗ ಎಂದು ಅವರು ಬರೆದರು. ಗುರುತಿಸಲು ಸಮವಸ್ತ್ರವಿದೆಯಲ್ಲ, ಕಾಲರ್ ಮೇಲಿನ ಕೂದಲು ಅದನ್ನು ಮರೆಮಾಡುತ್ತದೆಯೇ ಎಂಬ ಅವರ ತರ್ಕಕ್ಕೆ ಬಹುಮತದ ತೀರ್ಪಿನಲ್ಲಿ ನನಗೆ ಉತ್ತರ ಕಾಣುವುದಿಲ್ಲ.

ಇಷ್ಟಾದ ಮೇಲೆ ಉದ್ಯೋಗದಾತರಿಗೆ ಹೆದರಿಕೆ ಉಳಿಯಲಿಲ್ಲ. ಆಫ್ರೊ ಹುಟ್ಟಿನದು, ಹೆಣೆದ ಜಡೆ ಕೈಯಿಂದ ಮಾಡಿದ್ದು ಎಂಬ ಕೂದಲು ಸೀಳುವ ವ್ಯತ್ಯಾಸವೊಂದು 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮಹಿಳಾ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಹುಟ್ಟಿತು. ತಲೆಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದ ಅವರ ಜಡೆಗೆ ರಕ್ಷಣೆ ಸಿಗಲಿಲ್ಲ. ಈ ತರ್ಕ ಗಂಡಸರಿಗೂ ತಗಲಿತು. ವರ್ಜೀನಿಯಾದ ಹ್ಯಾಂಪ್ಟನ್ ವಿಶ್ವವಿದ್ಯಾಲಯ 1868ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರ ಶಿಕ್ಷಣಕ್ಕಾಗಿಯೇ ಹುಟ್ಟಿದ ಸಂಸ್ಥೆ. ಅಲ್ಲಿನ ವ್ಯಾಪಾರ ಶಾಲೆ 2001ರಿಂದ ಐದು ವರ್ಷದ ಎಂಬಿಎ ವಿದ್ಯಾರ್ಥಿಗಳಲ್ಲಿ ಗಂಡುಹುಡುಗರು ಹೆಣೆದ ಜಡೆಯನ್ನಾಗಲಿ, ನಾವು ಜಟೆ ಎನ್ನುವಂಥ ಡ್ರೆಡ್‌ಲಾಕ್ಸನ್ನಾಗಲಿ ಇಟ್ಟುಕೊಂಡು ತರಗತಿಗೆ ಬರಬಾರದೆಂದು ನಿಯಮ ಮಾಡಿತು. ಬ್ಯಾಂಕು, ದೊಡ್ಡ ಕಂಪನಿಗಳಲ್ಲಿ ನಮ್ಮ ಹುಡುಗರಿಗೆ ಕೆಲಸ ಸಿಗಬೇಕಾದರೆ ಇದು ಬೇಕು ಎಂಬುದು ಶಾಲೆಯವರ ಸಮರ್ಥನೆ. ಇದನ್ನು ಸುಲಭವಾಗಿ ಖಂಡಿಸಲು ನನಗೆ ಮನಸ್ಸಾಗುವುದಿಲ್ಲ. ಸಂದರ್ಶನದ ಕೋಣೆಯಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಮಗನ ಹೊಟ್ಟೆಪಾಡಿನ ಚಿಂತೆಯಿಂದ ಅವನ ತಲೆ ಬೋಳಿಸುವ ತಂದೆಯ ಸಂಕಟ ಅದು. ಆದರೂ ಸಂಕಟ ಪಡಬೇಕಾದವರು ಕೋಣೆಯ ಆಚೆ ಕಡೆ ಕುಳಿತವರಲ್ಲವೇ?

ಧರ್ಮದ ಆಸರೆ ಇದ್ದವರಿಗೆ ಮಾತ್ರ ಒಂದಿಷ್ಟು ದಾರಿ ತೆರೆದಿತ್ತು. ಕೇಶ, ಪಗಡಿ ಬಿಡಲೊಲ್ಲದ ಸಿಖ್ಖರು ಅಮೆರಿಕದ ಸೇನೆಯ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದರು. 2009ರ ಹೊತ್ತಿಗೆ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಅನುಮತಿ ಸಿಗತೊಡಗಿತು, 2017ರ ಜನವರಿಯಲ್ಲಿ ಸೇನೆ ಅದನ್ನು ಸಾಮಾನ್ಯ ನಿಯಮವಾಗಿಸಿತು. ಪಾರ್ಸೆಲ್ ಸಂಸ್ಥೆ ಯುಪಿಎಸ್‌ನಲ್ಲಿ ಗಿರಾಕಿಗಳ ಎದುರು ನಿಲ್ಲುವ ಗಂಡಸರು ಗಡ್ಡ ಬಿಡುವಂತಿರಲಿಲ್ಲ, ಕೂದಲು ಕಾಲರ್ ದಾಟುವಂತಿರಲಿಲ್ಲ. ಇದರಿಂದ ಮುಸ್ಲಿಮರು, ಜಟೆ ಬಿಡುವ ರಸ್ತಫಾರಿ ಪಂಥದವರು ಮುಂತಾದವರಿಗೆ ಅನ್ಯಾಯವಾಗಿದೆಯೆಂದು ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗ ಹೂಡಿದ್ದ ದಾವೆ 2018ರ ಕೊನೆಯಲ್ಲಿ 49 ಲಕ್ಷ ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು. 2020ರ ನವೆಂಬರಿನಲ್ಲಿ ಸಂಸ್ಥೆ ಗಡ್ಡಕ್ಕೂ, ಆಫ್ರೊ, ಜಡೆ, ಜಟೆಗಳಿಗೂ ಒಪ್ಪಿಗೆ ಕೊಟ್ಟಿತು.

ದೇವರ ಹೆಸರು ಹೇಳದೆ, ಇದು ನನ್ನ ಜನರ ಕೂದಲು ಎಂದಷ್ಟೇ ಹೇಳಿದವರಿಗೆ ಕಾನೂನು ಮುಖ ತಿರುಗಿಸುತ್ತಲೇ ಇತ್ತು. ಅಲಬಾಮಾದ ಮೊಬೀಲ್ ನಗರದ ಕಪ್ಪು ಮಹಿಳೆಯೊಬ್ಬರಿಗೆ 2010ರಲ್ಲಿ ವಿಮಾ ದಾವೆಗಳನ್ನು ನೋಡಿಕೊಳ್ಳುವ ಕಂಪನಿಯೊಂದು ಕೆಲಸ ಕೊಟ್ಟು, ಜಟೆ ತೆಗೆಯಲು ಒಪ್ಪದ್ದಕ್ಕೆ ಹಿಂತೆಗೆದುಕೊಂಡಿತು. 2016ರಲ್ಲಿ ಹನ್ನೊಂದನೆಯ ವಲಯದ ನ್ಯಾಯಾಲಯ ಅವರ ಪರ ನಿಂತಿದ್ದ ಆಯೋಗದ ದಾವೆಯನ್ನು ತಳ್ಳಿಹಾಕಿತು. ಕಪ್ಪು ಜನರ ಸಂಸ್ಕೃತಿಗೂ ಜಟೆಗೂ ನಂಟಿರಬಹುದು, ಆದರೆ ಅದು ಬದಲಾಯಿಸಲಾಗದ ಲಕ್ಷಣವಲ್ಲ ಎಂದಿತು. ಅದಕ್ಕೆ ಆಧಾರವಾಗಿ ಹಿಡಿದ ತೀರ್ಪುಗಳಲ್ಲಿ ಮುಖ್ಯವಾದದ್ದು ವಿಲ್ಲಿಂಗ್‌ಹ್ಯಾಮ್ ಪ್ರಕರಣ. ಮೇಕನ್ನಿನ ಒಬ್ಬ ತರುಣನ ಭುಜದುದ್ದದ ಕೂದಲಿಗೆ ಹಾಕಿದ ಕತ್ತರಿ ನಲವತ್ತೊಂದು ವರ್ಷಗಳ ಬಳಿಕ ಅವಳ ತಲೆಯ ಮೇಲೂ ಆಡಿತು. 2018ರಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ನ್ಯಾಯಾಲಯ ಮುಚ್ಚಿದ ಬಾಗಿಲನ್ನು ಶಾಸನಸಭೆಗಳು ತೆರೆಯತೊಡಗಿದ್ದು ಇದಾದ ಮೇಲೆ. 2019ರ ಜುಲೈ 3ರಂದು ಕ್ಯಾಲಿಫೋರ್ನಿಯಾದಲ್ಲಿ ‘ಕ್ರೌನ್’ ಕಾಯ್ದೆಗೆ ಸಹಿ ಬಿತ್ತು. ಸೆನೆಟರ್ ಹಾಲಿ ಮಿಚೆಲ್ ಮಂಡಿಸಿದ ಈ ಕಾಯ್ದೆ ಜನಾಂಗ ಎಂಬ ಪದದ ಅರ್ಥದೊಳಕ್ಕೇ ಕೂದಲಿನ ಗುಣವನ್ನೂ ಜಡೆ, ಜಟೆಯಂಥ ರೂಪಗಳನ್ನೂ ಸೇರಿಸಿತು. ಬದಲಾಯಿಸಬಹುದೇ ಇಲ್ಲವೇ ಎಂಬ ಹಳೆಯ ಪ್ರಶ್ನೆಯನ್ನು ಹೀಗೆ ಬದಿಗೆ ಸರಿಸಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಹಾದಿ ಹಿಡಿದವು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರ ಮಾರ್ಚಿನಲ್ಲಿ ಜನಪ್ರತಿನಿಧಿ ಸಭೆಯಲ್ಲಿ 235–189 ಮತಗಳಿಂದ ಗೆದ್ದು, ಸೆನೆಟ್‌ನಲ್ಲಿ ನಿಂತುಹೋಯಿತು.

ಟೆಕ್ಸಸ್ ರಾಜ್ಯದ ಕ್ರೌನ್ ಕಾಯ್ದೆ 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಆ ತಿಂಗಳು ಮುಗಿಯುವ ಮೊದಲೇ ಹ್ಯೂಸ್ಟನ್ ಬಳಿಯ ಪ್ರೌಢಶಾಲೆಯೊಂದು ಜಟೆ ಬಿಟ್ಟ ಕಪ್ಪು ಹುಡುಗನನ್ನು ತರಗತಿಯಿಂದ ಹೊರಗಿಟ್ಟಿತ್ತು. ಅವನು ಬಹುಕಾಲ ಸಹಪಾಠಿಗಳಿಂದ ದೂರ ಒಂಟಿಯಾಗಿ ಪಾಠ ಬರೆದ. ಜಟೆಗೆ ನಮ್ಮ ಅಡ್ಡಿಯಿಲ್ಲ, ಅದರ ಉದ್ದಕ್ಕೆ ಮಾತ್ರ ಎಂದಿತು ಶಾಲೆ. 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಶಾಲೆಯ ವಾದವನ್ನೇ ಒಪ್ಪಿದರು. ಕಾಯ್ದೆಯಲ್ಲಿ ಹೆಣಿಗೆಯ ಹೆಸರುಗಳಿವೆ, ಉದ್ದದ ಮಾತಿಲ್ಲ. ಆ ಹುಡುಗ ತನ್ನ ಜಟೆಯನ್ನು ಯಾವತ್ತೂ ಇಳಿಬಿಟ್ಟು ಶಾಲೆಗೆ ಬಂದವನಲ್ಲ. ತಲೆಯ ಮೇಲೆ ಸುತ್ತಿ ಕಟ್ಟಿಕೊಂಡೇ ಬರುತ್ತಿದ್ದ. ಬಿಚ್ಚಿದರೆ ಅದು ಕಾಲರ್ ದಾಟೀತು, ಹುಬ್ಬನ್ನು, ಕಿವಿಯನ್ನು ಮುಟ್ಟೀತು ಎಂಬುದಷ್ಟೇ ಅವರ ತಕರಾರು.