‘ಸ್ವಯಂ ಗರ್ಭಪಾತ’ ಅಂದರೆ ಯಾವುದು? ತಾನಾಗಿ ಆದದ್ದೋ, ತಾನೇ ಮಾಡಿಕೊಂಡದ್ದೋ?

ಅಮೆರಿಕದ ಗರ್ಭಪಾತ ಕಾನೂನುಗಳ ಸುದ್ದಿ ಬಂದಾಗಲೆಲ್ಲ ನಮ್ಮ ಸುದ್ದಿತಾಣಗಳಲ್ಲಿ, ಯೂಟ್ಯೂಬ್ ತಲೆಬರಹಗಳಲ್ಲಿ ‘ಸ್ವಯಂ ಗರ್ಭಪಾತ’ ಎಂಬ ಪದ ಕಾಣಿಸುತ್ತದೆ. ಗರ್ಭಪಾತವನ್ನು ನಿಷೇಧಿಸಿರುವ ಟೆಕ್ಸಾಸಿನಲ್ಲಿ ಬಸಿರು ತಾನಾಗಿಯೇ ಹೋಗಿ, ರಕ್ತ ಸುರಿಯುತ್ತಿದ್ದರೂ ಆಸ್ಪತ್ರೆಯವರು ಚಿಕಿತ್ಸೆಗೆ ಹಿಂದೆಮುಂದೆ ನೋಡಿದರು ಎಂಬ ಸುದ್ದಿಗೂ ಇದೇ ಪದ. ಮಾತ್ರೆ ತರಿಸಿಕೊಂಡು ಮನೆಯಲ್ಲೇ ನುಂಗಿದವರ ಸುದ್ದಿಗೂ ಇದೇ. ನ್ಯೂಯಾರ್ಕಿನ ಡಾಕ್ಟರೊಬ್ಬರು ವಿಡಿಯೋ ಕಾಲ್ ಮೂಲಕ ಮಾತ್ರೆ ಬರೆದುಕೊಟ್ಟರು ಅಂದರೂ ಇದೇ. ಮೂರೂ ಬೇರೆ ಬೇರೆ ಸಂಗತಿಗಳು. ಮೊದಲನೆಯದು ಯಾರೂ ಮಾಡಿದ್ದಲ್ಲ. ಮೂರನೆಯದರಲ್ಲಿ ಡಾಕ್ಟರ್ ಇದ್ದಾರೆ. ಎರಡನೆಯದಕ್ಕೆ ಮಾತ್ರ ಈ ಪದ ಹತ್ತಿರ ಬರುತ್ತದೆ, ಅದೂ ಸರಿಯಾಗಿ ಕೂರುವುದಿಲ್ಲ.

ತೊಡಕು ಶುರುವಾಗುವುದು ‘ಗರ್ಭಪಾತ’ದಲ್ಲೇ. ಪಾತ ಅಂದರೆ ಬೀಳುವುದು, ಸ್ರಾವ ಅಂದರೆ ಸುರಿಯುವುದು. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ನಾಲ್ಕನೇ ತಿಂಗಳವರೆಗೆ ಬಸಿರು ಹೋದರೆ ಅದು ಗರ್ಭಸ್ರಾವ. ಐದು, ಆರನೇ ತಿಂಗಳಲ್ಲಿ, ಪಿಂಡಕ್ಕೆ ಗಟ್ಟಿ ಶರೀರ ಬಂದ ಮೇಲೆ ಹೋದರೆ ಅದು ಗರ್ಭಪಾತ. ಅಂದರೆ ಆ ಎರಡು ಪದಗಳ ನಡುವಿನ ವ್ಯತ್ಯಾಸ ತಿಂಗಳಿನದು. ಯಾರು ಮಾಡಿದರು, ತಾನಾಗಿ ಆಯಿತೇ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಬೀಳುವುದು ತಾನಾಗಿಯೇ ಬೀಳುವುದು. ಇಂದು ನಾವು ಗರ್ಭಸ್ರಾವವನ್ನು ತಾನಾಗಿ ಆದದ್ದಕ್ಕೂ, ಗರ್ಭಪಾತವನ್ನು ಮಾಡಿಸಿದ್ದಕ್ಕೂ ಹಂಚಿಕೊಟ್ಟಿದ್ದೇವೆ. ಈ ಹಂಚಿಕೆ ಇತ್ತೀಚಿನದು, ಇನ್ನೂ ಗಟ್ಟಿಯಾಗಿಲ್ಲ. ಎಷ್ಟೋ ಜನ ಎರಡನ್ನೂ ಎರಡಕ್ಕೂ ಬಳಸುತ್ತಾರೆ.

ಮನೆಮಾತಿನಲ್ಲಿ ನಾವು ಈ ಕೆಲಸವನ್ನು ಕ್ರಿಯಾಪದಕ್ಕೆ ಬಿಡುತ್ತೇವೆ. ‘ಅಬಾರ್ಷನ್ ಆಯ್ತು’ ಅಂದರೆ ತಾನಾಗಿ ಹೋಯಿತು, ಪಾಪ. ‘ಅಬಾರ್ಷನ್ ಮಾಡಿಸಿದ್ರು’ ಅಂದರೆ ಆಸ್ಪತ್ರೆಗೆ ಹೋಗಿ ತೆಗೆಸಿದರು. ಆಗು, ಮಾಡಿಸು. ಇಷ್ಟರಲ್ಲೇ ಕೇಳುವವರಿಗೆ ಎಲ್ಲ ತಿಳಿಯುತ್ತದೆ. ಆದರೆ ತಲೆಬರಹದಲ್ಲಿ ಕ್ರಿಯಾಪದಕ್ಕೆ ಜಾಗ ಇರುವುದಿಲ್ಲ. ನಾಮಪದ ಒಂದೇ ಉಳಿಯುತ್ತದೆ. ಅದರ ಹಿಂದೆ ‘ಸ್ವಯಂ’ ಸೇರಿಸಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ‘ಸ್ವಯಂಚಾಲಿತ’ದಲ್ಲಿ ಸ್ವಯಂ ಅಂದರೆ ತಾನಾಗಿಯೇ. ‘ಸ್ವಯಂಸೇವಕ’ದಲ್ಲಿ ಸ್ವಯಂ ಅಂದರೆ ತಾನೇ ಮುಂದಾಗಿ. ‘ಸ್ವಯಂ ಗರ್ಭಪಾತ’ದಲ್ಲಿ ಯಾವ ಸ್ವಯಂ? ಒಬ್ಬ ಓದುಗರು ಮೊದಲನೆಯದನ್ನು ಓದಿಕೊಂಡರೆ ಇನ್ನೊಬ್ಬರು ಎರಡನೆಯದನ್ನು ಓದಿಕೊಳ್ಳುತ್ತಾರೆ. ಇಬ್ಬರದೂ ತಪ್ಪಲ್ಲ, ತಪ್ಪು ಪದದ್ದು.

ಇಂಗ್ಲಿಷಿನಲ್ಲೂ ಇದೇ ತೊಡಕಿದೆ. ವೈದ್ಯರ ಭಾಷೆಯಲ್ಲಿ ತಾನಾಗಿ ಹೋದ ಬಸಿರನ್ನು ‘ಸ್ಪಾಂಟೇನಿಯಸ್ ಅಬಾರ್ಷನ್’ ಅನ್ನುತ್ತಾರೆ. ಬಯಸಿ ಬಸಿರಾಗಿ, ಮಗುವನ್ನು ಕಳೆದುಕೊಂಡ ಅಮೆರಿಕದ ಹೆಂಗಸರು ತಮ್ಮ ಆಸ್ಪತ್ರೆ ಫೈಲಿನಲ್ಲಿ ‘ಅಬಾರ್ಷನ್’ ಎಂಬ ಪದ ಕಂಡು ನೊಂದುಕೊಳ್ಳುವುದುಂಟು. ಟೆಕ್ಸಾಸ್ ಕಾನೂನಿನ ವ್ಯಾಖ್ಯಾನದಲ್ಲೂ ಈ ಪದ ಇದೆ. ‘ಸ್ಪಾಂಟೇನಿಯಸ್ ಅಬಾರ್ಷನ್’ನಿಂದ ಹೊಟ್ಟೆಯಲ್ಲೇ ತೀರಿಹೋದ ಭ್ರೂಣವನ್ನು ತೆಗೆಯುವುದು ‘ಅಬಾರ್ಷನ್’ ಅಲ್ಲ ಎಂದು ಅದು ಹೇಳುತ್ತದೆ. ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಅರ್ಥದಲ್ಲಿ ಬಂದಿದೆ. ಒಂದು ಅರ್ಥಕ್ಕೆ ಜೈಲು, ಇನ್ನೊಂದಕ್ಕೆ ಚಿಕಿತ್ಸೆ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ನಲ್ಲಿ ಕನ್ನಡದ ಕುಟುಂಬಗಳು ಕಡಿಮೆಯೇನಿಲ್ಲ. ನಮ್ಮವರು ಇಂಗ್ಲಿಷ್ ಮಾತಾಡುವಾಗಲೂ ‘ಅಬಾರ್ಷನ್ ಆಯ್ತು’ ಎಂಬ ಕನ್ನಡದ ವಾಕ್ಯವನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾರೆ. ಕೇಳುವ ಅಮೆರಿಕದ ನರ್ಸ್‌ಗೆ ಅದು ‘ಮಾಡಿಸಿಕೊಂಡೆ’ ಎಂದೇ ಕೇಳುತ್ತದೆ. ಅಲ್ಲಿ ಜನಸಾಮಾನ್ಯರ ಮಾತಿನಲ್ಲಿ ಅಬಾರ್ಷನ್ ಅಂದರೆ ಮಾಡಿಸಿದ್ದು ಮಾತ್ರ. ತಾನಾಗಿ ಹೋದದ್ದು ‘ಮಿಸ್‌ಕ್ಯಾರೇಜ್’. ಅಲ್ಲಿರುವ ಮಗಳಿಗೋ ಸೊಸೆಗೋ ಇದನ್ನು ಒಮ್ಮೆ ಹೇಳಿಡಿ. ಪದ ತಪ್ಪಿದ ಮಾತ್ರಕ್ಕೆ ಯಾರನ್ನೂ ಹಿಡಿಯುವುದಿಲ್ಲ ನಿಜ. ಆದರೆ ಫೈಲಿನಲ್ಲಿ ತಪ್ಪು ಬರಹ ಕೂರಬಾರದು, ಅಲ್ವಾ?

ಈಗ ಎರಡನೆಯ ಸಂಗತಿಗೆ, ಅಂದರೆ ಮಾತ್ರೆ ತರಿಸಿಕೊಂಡು ಮನೆಯಲ್ಲೇ ನುಂಗುವುದಕ್ಕೆ ಬರೋಣ. ಹಳೆಯ ಕಾನೂನುಗಳ ಪದ ‘ಸೆಲ್ಫ್ ಇಂಡ್ಯೂಸ್ಡ್’. ಅಂದರೆ ತನ್ನ ಗರ್ಭವನ್ನು ತಾನೇ ಇಳಿಸಿಕೊಂಡದ್ದು. ಅಪರಾಧದ ವಾಸನೆ ಇರುವ ಪದ. ಆರೋಗ್ಯ ಕ್ಷೇತ್ರದವರು ಈಗ ಹೇಳುವುದು ‘ಸೆಲ್ಫ್ ಮ್ಯಾನೇಜ್ಡ್’. ಇಲ್ಲಿ ಒತ್ತು ಇರುವುದು ನಿಭಾಯಿಸುವುದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಇದನ್ನು ಮೂರು ಕೆಲಸಗಳಾಗಿ ಬಿಡಿಸುತ್ತದೆ. ಮಾತ್ರೆ ತನಗೆ ಸೂಕ್ತವೇ, ಎಷ್ಟು ವಾರವಾಗಿದೆ ಎಂದು ತಾನೇ ಲೆಕ್ಕ ಹಾಕುವುದು. ಆಸ್ಪತ್ರೆಯ ಹೊರಗೆ ತಾನೇ ಮಾತ್ರೆ ತೆಗೆದುಕೊಂಡು ಮುಂದಿನದನ್ನು ನೋಡಿಕೊಳ್ಳುವುದು. ಆಮೇಲೆ ಅದು ಪೂರ್ತಿಯಾಯಿತೇ ಎಂದು ತಾನೇ ತಿಳಿಯುವುದು. ಇದರಲ್ಲಿ ಒಂದನ್ನು ಹೆಂಗಸು ಮಾಡಬಹುದು, ಮೂರನ್ನೂ ಮಾಡಬಹುದು, ಬೇಕಾದಾಗ ವೈದ್ಯರ ನೆರವು ಪಡೆಯಬಹುದು. 12 ವಾರದವರೆಗೆ ಸರಿಯಾದ ಮಾಹಿತಿ, ಒಳ್ಳೆಯ ಗುಣಮಟ್ಟದ ಔಷಧ, ಬೇಕಾದಾಗ ಚಿಕಿತ್ಸೆ ಸಿಗುವಂತಿದ್ದರೆ ಇದನ್ನು ಆ ಮಾರ್ಗಸೂಚಿ ಒಪ್ಪುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಕನ್ನಡದಲ್ಲಿ ಇದು ‘ತಾನೇ ನಿಭಾಯಿಸಿಕೊಳ್ಳುವ ಗರ್ಭಪಾತ’. ಉದ್ದ ಆಯಿತು ನಿಜ. ಆದರೆ ಇದನ್ನು ಓದಿ ಯಾರೂ ತಾನಾಗಿ ಆದದ್ದು ಎಂದು ತಿಳಿಯುವುದಿಲ್ಲ.

ಇದು ಅಮೆರಿಕದಲ್ಲಿ ಹುಟ್ಟಿದ ರೂಢಿಯಲ್ಲ. ಮಿಸೊಪ್ರೊಸ್ಟಾಲ್ ಅನ್ನುವುದು ಹೊಟ್ಟೆಯ ಹುಣ್ಣಿಗೆ ಬಂದ ಮಾತ್ರೆ. ಗರ್ಭಪಾತಕ್ಕೆ ಕಾನೂನಿನ ತಡೆಯಿದ್ದ ಬ್ರೆಜಿಲ್‌ನಲ್ಲಿ 1980ರ ದಶಕದ ಕೊನೆಗೆ, ‘ಬಸುರಿಯರು ಇದನ್ನು ತೆಗೆದುಕೊಳ್ಳಬಾರದು’ ಎಂಬ ಎಚ್ಚರಿಕೆಯನ್ನು ಹೆಂಗಸರು ಗಮನಿಸಿದರು. ಯಾಕೆ ಬಾರದು ಎಂಬುದು ಅವರಿಗೆ ಬೇಗ ಅರ್ಥವಾಯಿತು. ಬಾಯಿಂದ ಬಾಯಿಗೆ ಸುದ್ದಿ ಹರಡಿತು. ವೈದ್ಯರು ಇದನ್ನು ಅಧ್ಯಯನ ಮಾಡಿದ್ದು ಆಮೇಲೆ. ಈ ಜ್ಞಾನ ಹೆಂಗಸರಿಂದ ವೈದ್ಯಶಾಸ್ತ್ರಕ್ಕೆ ಹೋದದ್ದು ಎಂಬುದನ್ನು ನಮ್ಮ ಸುದ್ದಿಗಳು ಹೇಳುವುದೇ ಇಲ್ಲ.

ಜೊತೆಗೆ ಕೊಡುವ ಇನ್ನೊಂದು ಮಾತ್ರೆ ಮಿಫೆಪ್ರಿಸ್ಟೋನ್. ಫ್ರಾನ್ಸಿನಲ್ಲಿ ತಯಾರಾಗಿ 1988ರಲ್ಲಿ ಅಲ್ಲಿ, 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬಸಿರನ್ನು ಉಳಿಸಿಕೊಳ್ಳುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಕೆಲಸವನ್ನು ಇದು ತಡೆಯುತ್ತದೆ. ಮಿಸೊಪ್ರೊಸ್ಟಾಲ್ ಗರ್ಭಕೋಶ ಹಿಂಡಿಕೊಳ್ಳುವಂತೆ ಮಾಡುತ್ತದೆ. ಐ-ಪಿಲ್ ಇದಲ್ಲ. ದಯವಿಟ್ಟು ಇದನ್ನು ಒಂದು ಸಲ ನೆನಪಿಟ್ಟುಕೊಳ್ಳಿ. ಐ-ಪಿಲ್, ಅಮೆರಿಕದ ಪ್ಲಾನ್ ಬಿ ಎರಡೂ ಲೆವೊನಾರ್ಜೆಸ್ಟ್ರೆಲ್. ಅಂಡ ಬಿಡುಗಡೆಯಾಗುವುದನ್ನು ತಡೆದು ಬಸಿರಾಗದಂತೆ ನೋಡಿಕೊಳ್ಳುವ ಮಾತ್ರೆ. ಈಗಾಗಲೇ ನಿಂತ ಬಸಿರಿಗೆ ಅದು ಏನೂ ಮಾಡುವುದಿಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ಲಾನ್ ಬಿ ಮಾಹಿತಿ ಚೀಟಿಯನ್ನೇ ತಿದ್ದಿ ಸ್ಪಷ್ಟ ಮಾಡಿತು. ಆದರೂ ಐ-ಪಿಲ್ ಪೊಟ್ಟಣದ ಚಿತ್ರ ಹಾಕಿ ‘ಗರ್ಭಪಾತದ ಮಾತ್ರೆ’ ಎಂದು ಬರೆಯುವುದು ನಿಂತಿಲ್ಲ.

ಇನ್ನೊಂದು ತಪ್ಪು ಕಲ್ಪನೆ, ‘ತಾನೇ’ ಅಂದರೆ ಅಪಾಯ ಅನ್ನುವುದು. ಗರ್ಭಪಾತ ಹೆಂಗಸಿನ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ 1973ರ ರೋ ತೀರ್ಪಿಗೂ ಮೊದಲಿನ ಅಮೆರಿಕದ ನೆನಪು ಅದು. ತಂತಿ ತೂರಿಸಿಕೊಂಡು ಸೋಂಕಾಗಿ ಸತ್ತವರ ಕಾಲ. ಕಷಾಯ ಕುಡಿಯುವುದು, ಹೊಟ್ಟೆಗೆ ಹೊಡೆದುಕೊಳ್ಳುವುದು ಇಂದಿಗೂ ಪೂರ್ತಿ ಹೋಗಿಲ್ಲ. ಮಾತ್ರೆಯ ದಾರಿ ತಿಳಿಯದವರು, ಸಿಗದವರು ಅದಕ್ಕೆ ಕೈಹಾಕುತ್ತಾರೆ. ಅದಕ್ಕೇ ಇವೆಲ್ಲವನ್ನೂ ಒಂದೇ ಪದದೊಳಗೆ ತುರುಕುವುದು ನನಗೆ ಸಿಟ್ಟು ತರಿಸುತ್ತದೆ. ಮಾತ್ರೆಯೂ ತಂತಿಯೂ ಒಂದೇ ಎಂದು ಓದುಗರು ನಂಬಿದರೆ ನಷ್ಟ ಯಾರಿಗೆ? ಮಾತ್ರೆ ತೆಗೆದುಕೊಂಡವರಿಗೂ ಕೆಲವೊಮ್ಮೆ ಆಸ್ಪತ್ರೆಯ ಆರೈಕೆ ಬೇಕಾಗುತ್ತದೆ. ಆದರೆ ಈಗಿನ ಅಮೆರಿಕದಲ್ಲಿ ಅವರ ದೊಡ್ಡ ಭಯ ಪೊಲೀಸರದ್ದು.

ಆ ಭಯಕ್ಕೆ ಕಾರಣವಿದೆ. 2000ದಿಂದ 2020ರ ನಡುವೆ ಅಮೆರಿಕದಲ್ಲಿ ತಾವೇ ಗರ್ಭಪಾತ ಮಾಡಿಕೊಂಡರು ಅಥವಾ ಅದಕ್ಕೆ ನೆರವಾದರು ಎಂದು ತನಿಖೆ, ಬಂಧನಕ್ಕೆ ಒಳಗಾದ 61 ಜನರ ಪ್ರಕರಣಗಳನ್ನು ‘ಇಫ್ ವೆನ್ ಹೌ’ ಎಂಬ ವಕೀಲರ ಸಂಸ್ಥೆ ಹುಡುಕಿ ದಾಖಲಿಸಿದೆ. ಗಮನಿಸಿ, ಆಗ ರೋ ತೀರ್ಪು ಜಾರಿಯಲ್ಲೇ ಇತ್ತು. ಆ ಪ್ರಕರಣಗಳಲ್ಲಿ ಚಿಕಿತ್ಸೆ ಕೊಡಬೇಕಾದವರೇ ಪೊಲೀಸರಿಗೆ ತಿಳಿಸಿದ್ದು ಬಹಳ. ಇಂಡಿಯಾನಾದಲ್ಲಿ ಭಾರತೀಯ ಮೂಲದ ಮಹಿಳೆಯೊಬ್ಬರು ರಕ್ತ ಸುರಿಯುತ್ತಿದ್ದಾಗ ಆಸ್ಪತ್ರೆಗೆ ಹೋದರು. ಆನ್‌ಲೈನಿನಲ್ಲಿ ಮಾತ್ರೆ ತರಿಸಿಕೊಂಡಿದ್ದರು ಎಂದು ಸರ್ಕಾರದ ವಾದ. ಅವರ ರಕ್ತಪರೀಕ್ಷೆಯಲ್ಲಿ ಔಷಧದ ಸುಳಿವು ಸಿಗಲಿಲ್ಲ. ಆದರೂ 2015ರಲ್ಲಿ ಭ್ರೂಣಹತ್ಯೆ ಸೇರಿದಂತೆ ಎರಡು ಆರೋಪಗಳಲ್ಲಿ 20 ವರ್ಷ ಶಿಕ್ಷೆಯಾಯಿತು. 2016ರಲ್ಲಿ ಮೇಲ್ಮನವಿ ಕೋರ್ಟು ಭ್ರೂಣಹತ್ಯೆಯ ತೀರ್ಪನ್ನು ರದ್ದು ಮಾಡಿತು. ಟೆಕ್ಸಾಸಿನ ಸ್ಟಾರ್ ಕೌಂಟಿಯಲ್ಲಿ 2022ರ ಏಪ್ರಿಲಿನಲ್ಲಿ 26 ವರ್ಷದ ಹೆಂಗಸನ್ನು ಕೊಲೆ ಆರೋಪದಲ್ಲಿ ಬಂಧಿಸಿ 5 ಲಕ್ಷ ಡಾಲರ್ ಜಾಮೀನು ಕೇಳಿದರು. ಟೆಕ್ಸಾಸ್ ಕಾನೂನಿನಲ್ಲೇ ಬಸುರಿಯ ಮೇಲೆ ಹಾಗೆ ಕೊಲೆ ಕೇಸು ಹಾಕುವಂತಿಲ್ಲ. ಕೆಲವೇ ದಿನದಲ್ಲಿ ಕೇಸು ಬಿಟ್ಟರು. ಮುಂದೆ ಅಲ್ಲಿನ ಸರ್ಕಾರಿ ವಕೀಲರಿಗೆ ವಕೀಲರ ಮಂಡಳಿ ದಂಡ ಹಾಕಿತು.

ತಾನಾಗಿ ಹೋದ ಬಸಿರೂ, ಮಾತ್ರೆಯಿಂದ ಇಳಿದ ಬಸಿರೂ ಆಸ್ಪತ್ರೆಯಲ್ಲಿ ಬಹುತೇಕ ಒಂದೇ ರೀತಿ ಕಾಣುತ್ತವೆ. ಅದೇ ರಕ್ತಸ್ರಾವ, ಅದೇ ನೋವು, ಅದೇ ಚಿಕಿತ್ಸೆ. ತಾನಾಗಿ ಹೋದ ಬಸಿರು ಪೂರ್ತಿ ಹೊರಬರದಿದ್ದಾಗ ವೈದ್ಯರು ಕೊಡುವುದೂ ಇದೇ ಮಾತ್ರೆಗಳನ್ನು. ಅನುಮಾನದ ಕಣ್ಣು ಒಮ್ಮೆ ಬಿದ್ದರೆ ಎರಡೂ ಬಗೆಯ ಹೆಂಗಸರು ಅದರಡಿ ಬರುತ್ತಾರೆ.

ಕೊನೆಯ ಗೊಂದಲ ಎರಡನೆಯ ಮತ್ತು ಮೂರನೆಯ ಸಂಗತಿಯ ನಡುವಿನದು, ಅಂದರೆ ತಾನೇ ಮಾತ್ರೆ ತರಿಸಿಕೊಂಡದ್ದೋ, ದೂರದಿಂದ ಡಾಕ್ಟರ್ ಬರೆದುಕೊಟ್ಟದ್ದೋ ಎಂಬುದು. ಇದು ನಿಜಕ್ಕೂ ಕಷ್ಟದ್ದು. 2018ರಲ್ಲಿ ಡಚ್ ವೈದ್ಯೆ ರೆಬೆಕ್ಕಾ ಗೊಂಪರ್ಟ್ಸ್ ‘ಏಡ್ ಆಕ್ಸೆಸ್’ ಶುರು ಮಾಡಿದರು. ಅಮೆರಿಕದ ಹೆಂಗಸು ಆನ್‌ಲೈನಿನಲ್ಲಿ ಕೇಳಿದರೆ ಯುರೋಪಿನಿಂದ ಅವರು ಬರೆದುಕೊಡುವುದು, ಭಾರತದ ಔಷಧ ಅಂಗಡಿಯಿಂದ ಮಾತ್ರೆ ಪಾರ್ಸೆಲ್ ಹೋಗುವುದು. ಅಮೆರಿಕದ ವ್ಯವಸ್ಥೆಯ ಹೊರಗಿನದಾದ್ದರಿಂದ ಸಂಶೋಧಕರು ಇದನ್ನು ‘ತಾನೇ ನಿಭಾಯಿಸಿದ್ದು’ ಎಂದು ಎಣಿಸಿದರು. 2022ರ ಜೂನ್ 24ರಂದು ರೋ ತೀರ್ಪನ್ನು ರದ್ದು ಮಾಡಿದ ಡಾಬ್ಸ್ ತೀರ್ಪು ಬಂದ ಮೇಲಿನ ಆರು ತಿಂಗಳಲ್ಲಿ ಇಂಥವು ನಿರೀಕ್ಷೆಗಿಂತ ಸುಮಾರು 26,000 ಹೆಚ್ಚಾದವು ಎಂದು ಒಂದು ಅಧ್ಯಯನ ಅಂದಾಜು ಮಾಡಿತು.

ಅಷ್ಟರಲ್ಲಿ ಮ್ಯಾಸಚೂಸೆಟ್ಸ್, ಆಮೇಲೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳು ‘ಶೀಲ್ಡ್ ಲಾ’ ಮಾಡಿದವು. ಬೇರೆ ರಾಜ್ಯದಲ್ಲಿರುವ ರೋಗಿಗೆ ಫೋನು, ಇಂಟರ್ನೆಟ್ಟಿನಲ್ಲಿ ಮಾತ್ರೆ ಬರೆದುಕೊಡುವ ತಮ್ಮ ಡಾಕ್ಟರುಗಳನ್ನು ಕಾಪಾಡುವ ಕಾನೂನು ಅದು. 2023ರಿಂದ ಏಡ್ ಆಕ್ಸೆಸ್ ಕೂಡ ಅಮೆರಿಕದ ಲೈಸೆನ್ಸ್ ಇರುವವರ ಮೂಲಕವೇ ನಡೆಯತೊಡಗಿತು. ಟೆಕ್ಸಾಸಿನ ಅದೇ ಹೆಂಗಸು, ಅದೇ ವೆಬ್‌ಸೈಟು, ಅದೇ ಎರಡು ಮಾತ್ರೆ. ಹಿಂದೆ ಅದು ‘ತಾನೇ ನಿಭಾಯಿಸಿದ್ದು’, ಈಗ ಲೆಕ್ಕದಲ್ಲಿ ‘ಟೆಲಿಹೆಲ್ತ್’, ಅಂದರೆ ಡಾಕ್ಟರು ದೂರದಿಂದಲೇ ನೋಡಿಕೊಳ್ಳುವ ಟೆಲಿಮೆಡಿಸಿನ್. 2024ರ ಕೊನೆಯ ಹೊತ್ತಿಗೆ ಇಡೀ ಅಮೆರಿಕದಲ್ಲಿ ಲೆಕ್ಕಕ್ಕೆ ಸಿಗುವ ಗರ್ಭಪಾತಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಟೆಲಿಹೆಲ್ತ್ ಮೂಲಕ ಆಗುತ್ತಿತ್ತು.

ಲೂಸಿಯಾನಾ ಇದನ್ನು ಒಪ್ಪುವುದಿಲ್ಲ. 2024ರ ಅಕ್ಟೋಬರ್ 1ರಿಂದ ಅಲ್ಲಿ ಈ ಎರಡೂ ಮಾತ್ರೆಗಳು ನಿಯಂತ್ರಿತ ಅಪಾಯಕಾರಿ ಔಷಧಗಳ ಪಟ್ಟಿಯಲ್ಲಿವೆ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಬೇಕಾದ ಮಿಸೊಪ್ರೊಸ್ಟಾಲ್ ಕೂಡ ಅದರಲ್ಲಿ ಸೇರಿತು. 2025ರ ಜನವರಿಯಲ್ಲಿ ಆ ರಾಜ್ಯ, ಅಲ್ಲಿಗೆ ಮಾತ್ರೆ ಬರೆದುಕೊಟ್ಟರೆಂದು ನ್ಯೂಯಾರ್ಕಿನ ವೈದ್ಯೆಯೊಬ್ಬರ ಮೇಲೆ ಆರೋಪ ಹೊರಿಸಿತು. ಆ ವೈದ್ಯೆಯನ್ನು ಲೂಸಿಯಾನಾಕ್ಕೆ ಒಪ್ಪಿಸಲು ನ್ಯೂಯಾರ್ಕ್ ಗವರ್ನರ್ ಕ್ಯಾಥಿ ಹೋಕಲ್ ನಿರಾಕರಿಸಿದರು. ಮಾತ್ರೆಯ ಡಬ್ಬಿಯ ಮೇಲೆ ಡಾಕ್ಟರ ಹೆಸರಿನ ಬದಲು ಕ್ಲಿನಿಕ್ಕಿನ ಹೆಸರು ಹಾಕಬಹುದು ಎಂಬ ಕಾನೂನಿಗೂ ಸಹಿ ಹಾಕಿದರು.

ಭಾರತದ ಲೆಕ್ಕ ಬೇಕಾದರೆ ಹೇಳುತ್ತೇನೆ. 2015ರಲ್ಲಿ ಇಲ್ಲಿ ಆದ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಲ್ಲಿ ನೂರಕ್ಕೆ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನ ಹೇಳಿತು. ನಮ್ಮ ಮೆಡಿಕಲ್ ಶಾಪಿನಲ್ಲಿ ‘ಕಿಟ್’ ಎಂದು ಕೇಳುವುದು ಇದನ್ನೇ. ಕಾನೂನಿನಂತೆ ಅದಕ್ಕೆ ಡಾಕ್ಟರ ಚೀಟಿ ಬೇಕು.

ಹಾಗಾಗಿ ಮುಂದಿನ ಸಲ ಲೂಸಿಯಾನಾದಿಂದ ಸುದ್ದಿ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಮಾತ್ರೆ ಯಾರು ಬರೆದುಕೊಟ್ಟರು? ಅಮೆರಿಕದ ಲೈಸೆನ್ಸ್ ಇರುವ ಡಾಕ್ಟರ್ ಆಗಿದ್ದರೆ ‘ಟೆಲಿಮೆಡಿಸಿನ್ ಗರ್ಭಪಾತ’ ಎಂದು ಬರೆಯಿರಿ. ಅಂಥ ಯಾರೂ ಬರೆದುಕೊಡದೆ ಆಕೆಯೇ ಮಾತ್ರೆ ಹೊಂದಿಸಿಕೊಂಡಿದ್ದರೆ ‘ತಾನೇ ನಿಭಾಯಿಸಿಕೊಂಡ ಗರ್ಭಪಾತ’. ಮಾತ್ರೆಯೇ ಇಲ್ಲದಿದ್ದರೆ, ಬಸಿರು ತಾನಾಗಿ ಹೋಗಿದ್ದರೆ, ‘ಗರ್ಭಸ್ರಾವ’ ಸಾಕು.